ಗಣಿ ನಿಂತ ಮೇಲೆ ಬೆಳೆದದ್ದು

ದಸರಾ ರಜೆ ಬಂತೆಂದರೆ ಉಮರ್ಗಾ, ನಿಲಂಗಾ, ಉದಗೀರದ ಕಡೆಯ ಜನಕ್ಕೆ ಮಲೆನಾಡಿನ ಹುಚ್ಚು ಹಿಡಿಯುತ್ತದೆ. ತಪ್ಪೇನಿಲ್ಲ. ಲಾತೂರು ಜಿಲ್ಲೆ ಎಂದರೆ ಮಹಾರಾಷ್ಟ್ರದಲ್ಲಿ ಅತಿ ಕಡಿಮೆ ಅರಣ್ಯವಿರುವ ಜಿಲ್ಲೆಗಳ ಸಾಲಿನದು. 2016ರ ಏಪ್ರಿಲ್‌ನಲ್ಲಿ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ತರಿಸಿಕೊಂಡ ಊರು ಲಾತೂರು. ಅಂಥ ಕಡೆಯವರು ಮಳೆ ಸುರಿಯುವ ಊರು ನೋಡಬೇಕೆಂದು ಹೊರಟರೆ ಬೇಡವೆನ್ನಲು ಯಾರಿಗೆ ಬಾಯಿ ಬಂದೀತು? ಲಾತೂರಿನಿಂದ ಉದಗೀರ, ಬೀದರ ಮಾರ್ಗವಾಗಿ ಯಶವಂತಪುರಕ್ಕೆ ರೈಲಿದೆ. ಅಲ್ಲಿಂದ ಚಿಕ್ಕಮಗಳೂರು, ಕಳಸ, ಕುದುರೆಮುಖ. ಮಾಸ್ತರರು, ಬ್ಯಾಂಕಿನವರು, ಕಾಲೇಜಿನ ಹುಡುಗರು ಗುಂಪು ಕಟ್ಟಿಕೊಂಡು ಹೋಗುತ್ತಾರೆ, ಇಂಬಳದಿಂದ ಕಚ್ಚಿಸಿಕೊಂಡು ಬರುತ್ತಾರೆ, ಬಂದವರೇ ಮೊಬೈಲು ಮುಂದೆ ಹಿಡಿದು, ‘ನೋಡ್ರಿ, ಏನ್ ಕಾಡ್ ರೀ ಅದು!’ ಅನ್ನುತ್ತಾರೆ.

ಆ ಚಿತ್ರಗಳನ್ನು ನಾನು ಸ್ವಲ್ಪ ಹೊತ್ತು ನೋಡುತ್ತೇನೆ. ಒಂದರಲ್ಲಿ ಒತ್ತಾಗಿ ನೆಟ್ಟಗೆ ಬೆಳೆದ ಮರಗಳು. ಎಲ್ಲ ಒಂದೇ ಎತ್ತರ, ಒಂದೇ ಬಣ್ಣ. ‘ದಟ್ಟ ಕಾಡು’ ಎಂದು ಹೆಸರು ಹಾಕಿರುತ್ತಾರೆ. ಇನ್ನೊಂದರಲ್ಲಿ ಒಂದು ಮರವೂ ಇಲ್ಲದ ಹುಲ್ಲಿನ ಗುಡ್ಡ, ಮೇಲೆ ಮಂಜು. ‘ಇಲ್ಲಿ ಮಾತ್ರ ಮರ ಎಲ್ಲಾ ಕಡಿದಾರ ಪಾಪ’ ಎಂಬ ವಿವರಣೆ ಅದಕ್ಕೆ. ಎರಡೂ ತಿರುವುಮುರುವು. ಮೊದಲನೆಯದು ಗಣಿಯ ಗಾಯದ ಮೇಲೆ ನೆಟ್ಟ ಅಕೇಶಿಯಾ ತೋಪು. ಎರಡನೆಯದು ಯಾರೂ ಕಡಿಯದ, ಯಾರೂ ನೆಡದ, ಸಾವಿರಾರು ವರ್ಷಗಳಿಂದ ಹಾಗೆಯೇ ಇರುವ ಶೋಲಾ ಹುಲ್ಲುಗಾವಲು. ಈ ವಾರ ಹೇಳಬೇಕೆಂದಿರುವುದು ಇಷ್ಟನ್ನೇ. ಗಣಿ ಮುಚ್ಚಿದ ನಾಡಿನಲ್ಲಿ ನಡೆಯುವವನು ಕಾಲ ಕೆಳಗಿನದನ್ನು ಓದಲು ಕಲಿಯಬೇಕು. ಇಲ್ಲದಿದ್ದರೆ ಹಸಿರು ಕಂಡದ್ದನ್ನೆಲ್ಲ ಕಾಡೆಂದು ನಂಬಿ ಬರುತ್ತಾನೆ. ಆ ನಂಬಿಕೆಯನ್ನು ಊರಿಗೂ ತರುತ್ತಾನೆ, ಅದು ಇನ್ನೂ ದುಬಾರಿ.

ಕುದುರೆಮುಖ ಎಂದೊಡನೆ ಎಲ್ಲರೂ ಹೇಳುವುದು ಮುಳ್ಳೋಡಿಯಿಂದ ಹತ್ತುವ ಮುಖ್ಯ ಶಿಖರವನ್ನು. ಸಮುದ್ರ ಮಟ್ಟದಿಂದ ಸುಮಾರು 1,890 ಮೀಟರು ಎತ್ತರ, ಕುದುರೆಯ ಮುಖದಂತೆ ಕಾಣುವ ಏಣು, ಒಂಟಿ ಮರ, ಹಳ್ಳಗಳು, ಕಣ್ಣು ಹರಿಯುವಷ್ಟೂ ಹುಲ್ಲು. ಚೆಲುವಿಗೆ ಅದೇ ಸರಿ. ಆದರೆ ಗಣಿ ನಾಡನ್ನು ಅರಿಯಬೇಕೆಂದರೆ ಕುರಿಂಜಾಲಿನ ದಾರಿ ಹಿಡಿಯಬೇಕು. ಅದು ಶುರುವಾಗುವುದೇ ಕುದುರೆಮುಖ ಪಟ್ಟಣದ ಮಗ್ಗುಲಲ್ಲಿ, ಗಣಿ ಕಂಪನಿ ಕಟ್ಟಿ ಬಿಟ್ಟುಹೋದ ಊರಿನ ಹತ್ತಿರ. ಮೇಲಕ್ಕೆ ಹೋಗುವುದು ಹಳೆಯ ಜೀಪು ದಾರಿ. ತುದಿಯಲ್ಲಿ ನಿಸ್ತಂತು ಕೇಂದ್ರವೊಂದರ ಪಾಳು ಕಟ್ಟಡ ನಿಂತಿದೆ. ಒಂದು ಕಡೆಗೆ ಆರೇಳು ಕಿಲೋಮೀಟರಿನ ಈ ನಡಿಗೆಯಲ್ಲಿ ಮೊದಲು ನೆರಳುಗಾಡು, ಆಮೇಲೆ ಬಯಲು ಏಣು ಬರುತ್ತದೆ. ಮಂಜು ಸರಿದ ಗಳಿಗೆಯಲ್ಲಿ ಲಕ್ಯಾ ಅಣೆಕಟ್ಟಿನ ಹಿಂದೆ ಚಪ್ಪಟೆಯಾಗಿ ಹರಡಿದ ನೆಲವೂ ನೀರೂ ಕಾಣುತ್ತವೆ. ಮಲೆನಾಡಿನಲ್ಲಿ ಅಷ್ಟು ಚಪ್ಪಟೆಯಾದದ್ದು ಕಂಡರೆ ಅನುಮಾನ ಬರಬೇಕು. ಅಲ್ಲಿ ಕಣಿವೆಯೊಂದನ್ನು ತುಂಬಲಾಗಿದೆ.

ತುಂಬಿದ್ದು ಏನನ್ನು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಇಲ್ಲಿಯ ಕಬ್ಬಿಣದ ಅದಿರನ್ನು 1913ರಲ್ಲಿ ಗುರುತಿಸಿದವರು ಮೈಸೂರು ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್. ಅದು ಮ್ಯಾಗ್ನಟೈಟ್, ಅಯಸ್ಕಾಂತಕ್ಕೆ ಅಂಟುವ ಕಪ್ಪು ಅದಿರು. ಬಿಳಿ ಬೆಣಚಿನ ಪಟ್ಟಿಗಳೊಂದಿಗೆ ಹೆಣೆದುಕೊಂಡ ಬಂಡೆ, 250 ಕೋಟಿ ವರ್ಷಗಳಿಗೂ ಹಳೆಯದು. ಬಳ್ಳಾರಿಯ ಅದಿರಿನಂತೆ ಅಗೆದು ಲಾರಿಗೆ ತುಂಬುವಷ್ಟು ಸತ್ವದ್ದಲ್ಲ. ಕಬ್ಬಿಣದ ಅಂಶ ಶೇ 38ರ ಸುಮಾರು. ಹಾಗಾಗಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅದರ ಗೋಜಿಗೆ ಯಾರೂ ಹೋಗಲಿಲ್ಲ.

ಗೋಜಿಗೆ ಹೋದದ್ದು ಇರಾನಿನ ಷಹಾ. 1975ರ ನವೆಂಬರಿನಲ್ಲಿ ಒಪ್ಪಂದವಾಯಿತು. ಇರಾನ್ 63 ಕೋಟಿ ಡಾಲರು ಕೊಡುವುದು, ಭಾರತ ಅಲ್ಲಿಯ ಉಕ್ಕಿನ ಕಾರ್ಖಾನೆಗಳಿಗೆ ವರ್ಷಕ್ಕೆ 75 ಲಕ್ಷ ಟನ್ ಸಾಂದ್ರ ಅದಿರು ಕಳಿಸುವುದು. 1976ರ ಏಪ್ರಿಲ್ 2ರಂದು ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. 1980ರ ಆಗಸ್ಟಿಗೆ ಕಾರ್ಖಾನೆ ಸಿದ್ಧವಾಗುವ ಹೊತ್ತಿಗೆ ಷಹಾ ದೇಶ ಬಿಟ್ಟು ಓಡಿ ವರ್ಷವೇ ಕಳೆದಿತ್ತು. ಕ್ರಾಂತಿಯ ಸರ್ಕಾರ ನಮಗೆ ನಿಮ್ಮ ಅದಿರು ಬೇಡವೆಂದಿತು. ಗಿರಾಕಿ ಇಲ್ಲದ ಗಣಿ ಸಿದ್ಧವಾಗಿ ಕೂತಿತ್ತು. ಬೇರೆ ದೇಶಗಳಿಗೆ ಮಾರುತ್ತ, ಮಂಗಳೂರಿನಲ್ಲಿ ಪೆಲೆಟ್ ಕಾರ್ಖಾನೆ ಹಾಕಿ ಉಂಡೆ ಕಟ್ಟುತ್ತ ಕಂಪನಿ ಬದುಕಿಕೊಂಡಿತು.

ಕೆಲಸ ನಡೆಯುತ್ತಿದ್ದ ರೀತಿ ಹೀಗೆ: ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಸಿಡಿಸುವುದು, ಒಡೆಯುವುದು, ಜೋಳದ ಹಿಟ್ಟಿನಷ್ಟು ನಯವಾಗಿ ಅರೆಯುವುದು, ಅಯಸ್ಕಾಂತದಿಂದ ಕಬ್ಬಿಣವನ್ನು ಹೆಕ್ಕಿ ಶೇ 67ರ ಮಟ್ಟಕ್ಕೆ ತರುವುದು, ಆ ಹಿಟ್ಟಿಗೆ ನೀರು ಕಲಸಿ 67 ಕಿಲೋಮೀಟರಿನ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರು ಬಂದರಿಗೆ ಮುಟ್ಟಿಸುವುದು. ಮೂರು ಪಾಲು ಬಂಡೆ ಅರೆದರೆ ಕೈಗೆ ಬರುತ್ತಿದ್ದದ್ದು ಸುಮಾರು ಒಂದು ಪಾಲು. ಉಳಿದ ಎರಡು ಪಾಲಿನ ಗಸಿ ಎಲ್ಲಿ ಹೋಯಿತು? ಭದ್ರೆಯ ಉಪನದಿ ಲಕ್ಯಾ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ, ಸುಮಾರು ನೂರು ಮೀಟರು ಎತ್ತರದ ಮಣ್ಣಿನ ಕಟ್ಟೆಯ ಹಿಂದಕ್ಕೆ. ಎರಡೂವರೆ ದಶಕ ಅದೇ ಕೆಲಸ. ಕುರಿಂಜಾಲಿನ ಮೇಲಿನಿಂದ ಕಾಣುವ ಚಪ್ಪಟೆ ನೆಲ ಆ ಗಸಿ.

ಗಣಿ ನಿಂತಿದೆ, ಕಟ್ಟೆ ನಿಂತಿಲ್ಲ. ಅದರ ಕೆಲಸ ಈಗಲೂ ನಡೆಯುತ್ತಲೇ ಇದೆ. ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಕಡೆ ಅಷ್ಟು ಗಸಿಯನ್ನು ಮಣ್ಣಿನ ಗೋಡೆಯೊಂದು ಹಿಡಿದುಕೊಂಡಿದೆ ಎಂದರೆ ಅದರ ಕಾಲುವೆ, ಕೋಡಿ, ಒರತೆಗಳನ್ನು ಯಾರಾದರೂ ಪ್ರತಿ ಮಳೆಗಾಲ ನೋಡಿಕೊಳ್ಳುತ್ತಲೇ ಇರಬೇಕು. ಬ್ರೆಜಿಲಿನ ಬ್ರುಮಾಡಿನೋದಲ್ಲಿ 2019ರ ಜನವರಿ 25ರಂದು ಕಬ್ಬಿಣದ ಗಣಿಯ ಗಸಿಕಟ್ಟೆಯೊಂದು ಒಡೆದು 270 ಜನ ಸತ್ತರು. ಅಲ್ಲಿ ಗಸಿ ಸುರಿಯುವುದನ್ನು ನಿಲ್ಲಿಸಿ ವರ್ಷಗಳೇ ಆಗಿದ್ದವು. ಅದು ಬೇರೆ ಬಗೆಯ ಕಟ್ಟೆ, ಲಕ್ಯಾ ಬೇರೆ ಬಗೆಯದು, ಹೋಲಿಸಿ ಹೆದರಿಸುವುದು ನನ್ನ ಉದ್ದೇಶವಲ್ಲ. ಗಣಿಗೆ ಬೀಗ ಹಾಕಬಹುದು, ಗಸಿಗೆ ಬೀಗವಿಲ್ಲ ಎಂಬುದಷ್ಟು ತಿಳಿದಿರಲಿ.

ಬೀಗ ಬಿದ್ದ ಕಥೆಯೂ ತಿಳಿದಿರಬೇಕಾದ್ದೇ. 1980ರ ದಶಕದ ಮೊದಲಲ್ಲಿ ಸಿಂಗಳೀಕಗಳನ್ನು ಹುಡುಕುತ್ತ ಈ ಘಟ್ಟಗಳಲ್ಲಿ ಅಲೆದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರ ಸಮೀಕ್ಷೆ, ಇಲ್ಲಿ ರಾಷ್ಟ್ರೀಯ ಉದ್ಯಾನ ಆಗಬೇಕೆಂಬ ಮಾತಿಗೆ ಬಲ ಕೊಟ್ಟಿತು. 1987ರಲ್ಲಿ 600 ಚದರ ಕಿಲೋಮೀಟರಿನ ಉದ್ಯಾನ ಘೋಷಣೆಯಾಯಿತು. ವಿಚಿತ್ರ ನೋಡಿ, ಸುತ್ತಲೂ ರಾಷ್ಟ್ರೀಯ ಉದ್ಯಾನ, ನಡುವೆ ಗಣಿ. ಗಣಿಯ ಗುತ್ತಿಗೆ 1969ರಿಂದ ಮೂವತ್ತು ವರ್ಷದ್ದು, 1999ಕ್ಕೆ ಮುಗಿಯಿತು. ಆಮೇಲೆ ತಾತ್ಕಾಲಿಕ ಪರವಾನಗಿಗಳ ಸರಣಿ. ನಾಗರಹೊಳೆಯಲ್ಲಿ ವಲಯಾರಣ್ಯಾಧಿಕಾರಿಯಾಗಿದ್ದು ನಿವೃತ್ತರಾದ ಕೆ.ಎಂ. ಚಿಣ್ಣಪ್ಪ, ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆಯ ಪರವಾಗಿ ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು: 2005ರ ಅಂತ್ಯಕ್ಕೆ ಗಣಿಗಾರಿಕೆ ನಿಲ್ಲಬೇಕು. 2005ರ ಡಿಸೆಂಬರ್ 31ಕ್ಕೆ ನಿಂತಿತು. ಕೊಡಗಿನ ಆ ಚಿಣ್ಣಪ್ಪ 2024ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ನಮ್ಮ ಕಡೆಯ ಪತ್ರಿಕೆಗಳಲ್ಲಿ ಒಂದು ಸಾಲೂ ಕಂಡ ನೆನಪಿಲ್ಲ.

ಇಲ್ಲಿ ಇನ್ನೊಂದು ಪಕ್ಷವೂ ಇತ್ತು, ಅದನ್ನು ಬಿಟ್ಟು ಹೇಳಿದರೆ ಕಥೆ ಸುಳ್ಳಾಗುತ್ತದೆ. ರಾಷ್ಟ್ರೀಯ ಉದ್ಯಾನ ಬಂದರೆ ಹೋಗಬೇಕಾದದ್ದು ಗಣಿ ಮಾತ್ರವಲ್ಲ, ತಲೆಮಾರುಗಳಿಂದ ಕಾಡೊಳಗಿದ್ದ ಮಲೆಕುಡಿಯರೂ ಸಣ್ಣ ಹಿಡುವಳಿಯ ಗೌಡರೂ ಹೋಗಬೇಕು ಎಂದಾಯಿತು. ದೊಡ್ಡ ಕಂಪನಿಗೆ ಮೂರು ವರ್ಷ ಅವಧಿ, ನಮಗೆ ನೋಟೀಸು ಎಂಬ ಸಿಟ್ಟು ಅಲ್ಲಿತ್ತು. ಆ ಸಿಟ್ಟಿನ ಮೇಲೆ ನಕ್ಸಲ್ ಚಳವಳಿ ಬೇರೂರಿತು. 2003ರ ನವೆಂಬರಿನಲ್ಲಿ ಈದು ಎಂಬಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದರು. 2005ರ ಫೆಬ್ರುವರಿಯಲ್ಲಿ ಮೆಣಸಿನಹಾಡ್ಯದಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್. ಆ ಅಧ್ಯಾಯ ಮುಗಿಯಿತೆನ್ನಲು 2025ರ ಜನವರಿ ಬರಬೇಕಾಯಿತು. ಆ ತಿಂಗಳು ಆರು ಮಂದಿ ನಕ್ಸಲರು ಶರಣಾದರು. ಇವತ್ತು ಬಣ್ಣದ ರೇನ್‌ಕೋಟು ತೊಟ್ಟು ಸಾಲಾಗಿ ಹತ್ತುವ ದಾರಿಗಳಲ್ಲಿ ಆಗ ಹೊರಗಿನವರು ಕಾಲಿಡಲು ಅಂಜುತ್ತಿದ್ದರು.

ಇನ್ನು ನೆಲ ಓದುವ ಮಾತಿಗೆ ಬರೋಣ.

ದಾರಿಬದಿಯಲ್ಲಿ ಬಿದ್ದ ಒಂದು ಒಣ ಎಲೆ ಎತ್ತಿಕೊಳ್ಳಿ. ಗೇಣುದ್ದ, ಕುಡುಗೋಲಿನ ಹಾಗೆ ಸ್ವಲ್ಪ ಬಾಗಿದ್ದು, ನರಗಳು ನಡುವಿನಿಂದ ಕವಲೊಡೆಯದೆ ಬುಡದಿಂದ ತುದಿಗೆ ಒಂದರ ಪಕ್ಕ ಒಂದು ಓಡಿವೆ. ಇದು ಅಕೇಶಿಯಾ ಆರಿಕ್ಯುಲಿಫಾರ್ಮಿಸ್. ತವರು ಆಸ್ಟ್ರೇಲಿಯಾ, ಪಪುವಾ ನ್ಯೂಗಿನಿ. ಸರಿಯಾಗಿ ಹೇಳಬೇಕೆಂದರೆ ನಿಮ್ಮ ಕೈಯಲ್ಲಿರುವುದು ಎಲೆಯೇ ಅಲ್ಲ, ಚಪ್ಪಟೆಯಾದ ತೊಟ್ಟು. ಸಸಿಯಾಗಿದ್ದಾಗ ಈ ಗಿಡಕ್ಕೆ ನಮ್ಮ ಜಾಲಿಯಂಥದೇ ಸಣ್ಣ ಸಣ್ಣ ಎಲೆ ಇರುತ್ತದೆ. ಕೆಲವೇ ವಾರಗಳಲ್ಲಿ ಅದು ಉದುರಿ, ತೊಟ್ಟು ಅಗಲವಾಗಿ ಎಲೆಯ ಕೆಲಸ ತಾನೇ ವಹಿಸಿಕೊಳ್ಳುತ್ತದೆ. ದಪ್ಪ, ಗಡುಸು, ನೀರು ಕಡಿಮೆ ಆವಿಯಾಗುವ ಹೊದಿಕೆ. ಒಣನಾಡಿಗೆ ಹೇಳಿ ಮಾಡಿಸಿದ್ದು. ಬುಡದಲ್ಲಿ ಸುರುಳಿ ಸುತ್ತಿದ ಕಾಯಿಯೂ ಸಿಕ್ಕೀತು. ಬಿಡಿಸಿದರೆ ಕರಿ ಬೀಜ, ಬೀಜಕ್ಕೆ ಕಿತ್ತಳೆ ಬಣ್ಣದ ದಾರ. ಆ ದಾರಕ್ಕೆ ಆಸೆಪಟ್ಟು ಹಕ್ಕಿ, ಇರುವೆಗಳು ಬೀಜ ಹೊತ್ತೊಯ್ಯುತ್ತವೆ.

ಗಣಿಯವರೂ ಇಲಾಖೆಯವರೂ ಈ ಗಿಡವನ್ನೇ ಯಾಕೆ ಆರಿಸಿಕೊಂಡರು ಎಂದರೆ ಕಾರಣ ಇತ್ತು. ಅಗೆದ ಗಣಿಯ ನೆಲದಲ್ಲಿ ಮೇಲ್ಮಣ್ಣು ಇರುವುದಿಲ್ಲ. ಮಣ್ಣಿಲ್ಲ ಎಂದರೆ ಬೀಜದ ದಾಸ್ತಾನಿಲ್ಲ, ಎರೆಹುಳುವಿಲ್ಲ, ಬೇರಿಗೆ ಜೊತೆಗಾರನಾಗುವ ಶಿಲೀಂಧ್ರವಿಲ್ಲ. ಬಂಡೆಯ ಪುಡಿ ಬಿಸಿಲಿಗೆ ಕಾಯುತ್ತದೆ, ಮಳೆಗೆ ಕೊಚ್ಚಿಹೋಗುತ್ತದೆ. ಅಂಥಲ್ಲೂ ಅಕೇಶಿಯಾ ಬದುಕುತ್ತದೆ. ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಕಟ್ಟಿಕೊಳ್ಳುತ್ತದೆ, ದನ ಮೂಸುವುದಿಲ್ಲ, ವರ್ಷಕ್ಕೆ ಆಳೆತ್ತರ ಬೆಳೆಯುತ್ತದೆ. ಮೇಲಿನವರು ಬಂದು ನೋಡಿದಾಗ ಗುಡ್ಡ ಹಸಿರಾಗಿರುತ್ತದೆ. ಭದ್ರೆಗೆ ಹೋಗುವ ಹೂಳನ್ನು ಹಿಡಿಯಬೇಕಾದ ತುರ್ತಿನಲ್ಲಿ, ಬೋಳು ನೆಲಕ್ಕಿಂತ ಅಕೇಶಿಯಾ ಮೇಲು ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಸಿಡಿಸಿದ ಗುಡ್ಡದ ಮೇಲೆ ಮೊದಲ ಹೊದಿಕೆಯಾಗಿ ಅದು ಬಂದದ್ದು ಸರಿ. ಮೊದಲ ಹೊದಿಕೆಯೇ ಕೊನೆಯದೂ ಆದದ್ದು ತಪ್ಪು.

ಆ ತೋಪಿನೊಳಕ್ಕೆ ನಾಲ್ಕು ಹೆಜ್ಜೆ ಹೋಗಿ ನಿಂತರೆ ತಪ್ಪು ಕಾಣುತ್ತದೆ. ಕಾಲ ಕೆಳಗೆ ಕೊಳೆಯದ ತರಗು. ಗಡುಸು ತೊಟ್ಟುಗಳು ಬೇಗ ಮಣ್ಣಾಗುವುದಿಲ್ಲ. ಅದರಡಿಯಲ್ಲಿ ಬೇರೆ ಬೀಜ ಮೊಳೆಯುವುದು ಕಷ್ಟ. ಬೇಸಿಗೆಯಲ್ಲಿ ಅದೇ ತರಗು ಬೆಂಕಿಗೆ ಹಾಸಿದ ಚಾಪೆ. ಹಕ್ಕಿಯ ಸದ್ದು ಕಡಿಮೆ. ತಿನ್ನಲು ಹಣ್ಣಿಲ್ಲದ ಕಡೆ ಸಿಂಗಳೀಕಕ್ಕೆ ಏನು ಕೆಲಸ? ಈ ಬಗೆಯ ತೋಪು ವರ್ಷಗಟ್ಟಲೆ ಹೀಗೆಯೇ ನಿಂತಿರಬಲ್ಲದು, ಉಪಗ್ರಹದ ಚಿತ್ರದಲ್ಲಿ ಕಡುಹಸಿರಾಗಿ.

ಹಾಗಾದರೆ ನಿಜವಾಗಿ ಕಾಡು ಮರಳುವುದು ಎಲ್ಲಿ? ಅಂಚಿನಲ್ಲಿ. ಕೊಳ್ಳದಲ್ಲಿ ಉಳಿದುಕೊಂಡ ಹಳೆಯ ಕಾಡಿನ ತುಣುಕು, ಅದರ ಪಕ್ಕದ ಹಾಳು ರಸ್ತೆ. ಆ ಹಳೆಯ ಜೀಪು ದಾರಿಯ ಬದಿಯಲ್ಲಿ ಚಂದಕಲು ಮರ ಸಿಗುತ್ತದೆ. ಎಲೆ ಅಂಗೈಗಿಂತ ದೊಡ್ಡದು. ತೊಟ್ಟು ಅಂಚಿಗೆ ಸೇರದೆ ಎಲೆಯ ಒಡಲೊಳಗೇ ಬಂದು ಅಂಟಿರುತ್ತದೆ, ತಾವರೆಯೆಲೆಗೆ ಇರುವಂತೆ. ಗೀರಿದರೆ ಕೆಂಪು ಅಂಟು. ಕಾಡು ಮುರಿದ ಕಡೆ ಮೊದಲು ಬರುವ ನಾಡಮರ ಇದು. ಪಿಕಳಾರ ಹಕ್ಕಿಗಳು ಇದರ ಕಾಯಿಗೆ ಬರುತ್ತವೆ, ಬರುವಾಗ ಬೇರೆ ಕಡೆ ತಿಂದದ್ದರ ಬೀಜ ಹೊಟ್ಟೆಯಲ್ಲಿ ತರುತ್ತವೆ, ಇದರ ನೆರಳಲ್ಲಿ ಉದುರಿಸುತ್ತವೆ. ನೇರಳೆ ಬಂದೀತು, ಗೋಳಿ ಬಂದೀತು. ಹತ್ತಿಪ್ಪತ್ತು ವರ್ಷಕ್ಕೆ ಚಂದಕಲು ಮುಪ್ಪಾಗಿ ಬೀಳುವಾಗ ಕೆಳಗೆ ನಿಧಾನಗತಿಯವು ಭುಜದೆತ್ತರಕ್ಕೆ ಬಂದಿರುತ್ತವೆ. ಇದಕ್ಕೆ ಬೇಕಾದ್ದು ಮೂರು: ಹತ್ತಿರದಲ್ಲಿ ತಾಯಿಕಾಡು, ಬೆಂಕಿ ಬೀಳದ ಬೇಸಿಗೆಗಳು, ಮನುಷ್ಯನ ತಾಳ್ಮೆ. ಕೊನೆಯದಕ್ಕೆ ಬಜೆಟ್ಟಿನಲ್ಲಿ ಲೆಕ್ಕಶೀರ್ಷಿಕೆ ಇಲ್ಲ.

ನೆಟ್ಟ ತೋಪನ್ನೂ ತಾನಾಗಿ ಬಂದ ಕಾಡನ್ನೂ ಬೇರ್ಪಡಿಸಲು ಸಸ್ಯಶಾಸ್ತ್ರ ಓದಿರಬೇಕಿಲ್ಲ. ಬದಿಯಿಂದ ನೋಡಿದಾಗ ಮರಗಳ ನಡುವೆ ಓಣಿ ಕಂಡರೆ ನೆಟ್ಟದ್ದು. ತಾತ, ಮಗ, ಮೊಮ್ಮಗ ಒಟ್ಟಿಗಿಲ್ಲದೆ ಎಲ್ಲ ಒಂದೇ ವಯಸ್ಸಿನವರಾದರೆ ನೆಟ್ಟದ್ದು. ಬಳ್ಳಿ ಇಲ್ಲದಿದ್ದರೆ, ಕೊಳೆತ ದಿಮ್ಮಿಯ ಮೇಲೆ ಅಣಬೆ ಇಲ್ಲದಿದ್ದರೆ ಅನುಮಾನಪಡಿ. ಗುಡ್ಡದ ಮೈಯಲ್ಲಿ ಒಂದೇ ಎತ್ತರದ ಅಡ್ಡ ಮೆಟ್ಟಿಲುಗಳು ಹಸಿರಿನಡಿಯೂ ಕಾಣಿಸುತ್ತಿದ್ದರೆ ಅದು ಗಣಿಯ ಹಂತ. ಹಳ್ಳದ ಬದಿಯಲ್ಲಿ ಮಿರುಗುವ ಕರಿ ಮರಳು ಕಂಡರೆ ಜೇಬಿನ ಅಯಸ್ಕಾಂತ ಹಿಡಿದು ನೋಡಿ; ನಾನು ಅಲ್ಲಿಗೆ ಹೋದಾಗ ನಮ್ಮ ಗುಂಪಿನ ಒಬ್ಬ ವಿಜ್ಞಾನ ಮಾಸ್ತರರು ತಮ್ಮ ಶಾಲೆಯ ಪೆಟ್ಟಿಗೆಯಿಂದ ಕುದುರೆಲಾಳದಂಥದ್ದನ್ನು ತಂದಿದ್ದರು. ಅದಕ್ಕೆ ಮೀಸೆ ಬಂದ ಹಾಗೆ ಕರಿಪುಡಿ ಎದ್ದು ನಿಂತದ್ದನ್ನು ಕಂಡು ದೊಡ್ಡವರೇ ಮಕ್ಕಳಾದರು. ಅರಣ್ಯದಿಂದ ಏನನ್ನೂ ಒಯ್ಯುವಂತಿಲ್ಲ, ನೋಡಿ ಅಲ್ಲೇ ಉದುರಿಸಿದೆವು.

ಹುಲ್ಲುಗಾವಲಿನ ವಿಚಾರ ಇದಕ್ಕಿಂತ ಸೂಕ್ಷ್ಮ. ಕುರಿಂಜಾಲಿನ ಮೇಲ್ಭಾಗ ಬೋಳು ಎಂದು ಮರುಗುವವರು ಬಹಳ. ಎತ್ತರದ ಏಣುಗಳಲ್ಲಿ ಗಾಳಿಯ ಹೊಡೆತ ಜೋರು, ಮಣ್ಣು ತೆಳು. ಅಲ್ಲಿ ಹುಲ್ಲೇ ನೆಲದ ಒಡೆಯ. ಮರಗಳು ಗಾಳಿ ತಪ್ಪಿಸಿಕೊಂಡು, ನೀರು ಸೇರುವ ಕೊಳ್ಳಗಳಲ್ಲಿ ಶೋಲಾ ಆಗಿ ಒತ್ತೊತ್ತಾಗಿ ನಿಲ್ಲುತ್ತವೆ. ಹುಲ್ಲು ಮಳೆಯನ್ನು ಹೀರಿ ನಿಧಾನವಾಗಿ ಕೊಳ್ಳಕ್ಕೆ ಬಿಡುತ್ತದೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲದ ಸೀಮೆ ಇದು. ಬೇಸಿಗೆಯಲ್ಲೂ ಆ ಹಳ್ಳಗಳು ಬತ್ತದಿರುವುದರಲ್ಲಿ ಹುಲ್ಲಿನ ಪಾಲು ಮರದ ಪಾಲಿಗಿಂತ ಕಡಿಮೆಯದಲ್ಲ. ಪಶ್ಚಿಮ ಘಟ್ಟದ ಎಷ್ಟೋ ಕಡೆ ಇಂಥ ಹುಲ್ಲನ್ನು ‘ಖಾಲಿ ಜಾಗ’ ಎಂದು ಬರೆದುಕೊಂಡು ಅಕೇಶಿಯಾ, ನೀಲಗಿರಿ ನೆಟ್ಟರು. ಗಣಿ ಹಾಳು ಮಾಡದ ನೆಲವನ್ನು ಸಸಿ ನೆಡುವ ಉತ್ಸಾಹ ಹಾಳು ಮಾಡಿತು.

ಈ ಮಾತು ನಮಗೆ ಯಾಕೆ ಬೇಕು ಎಂದರೆ, ಅದೇ ಉತ್ಸಾಹ ನಮ್ಮೂರಿಗೂ ಬಂದಿದೆ. ಉದಗೀರ, ದೇವಣಿ, ನಿಲಂಗಾದಿಂದ ಭಾಲ್ಕಿ, ಬೀದರದವರೆಗೆ ಹರಡಿರುವುದು ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ಲಾವಾ ಹರಿದು ಆದ ಕರಿಕಲ್ಲು. ಅದರ ಮೇಲೆ ಎಷ್ಟೋ ಕಡೆ ಕೆಂಗಲ್ಲಿನ ಟೋಪಿ. ಕರಿಕಲ್ಲಿನ ಮೇಲೆ ಯುಗಗಟ್ಟಲೆ ಮಳೆ ಬಿದ್ದು ಮರಳಿನ ಅಂಶ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದದ್ದೇ ಈ ಕೆಂಗಲ್ಲು. ನೆಲದಲ್ಲಿದ್ದಾಗ ಕತ್ತಿಗೆ ಬಗ್ಗುತ್ತದೆ, ಗಾಳಿಗೆ ಒಡ್ಡಿದರೆ ಗಟ್ಟಿಯಾಗುತ್ತದೆ. ಔಸಾ ತಾಲ್ಲೂಕಿನ ಖರೋಸಾದಲ್ಲಿ ಸುಮಾರು ಆರನೆಯ ಶತಮಾನದವರು ಇದೇ ಕಲ್ಲಿನ ಗುಡ್ಡ ಕೊರೆದು ಗುಹೆ ಮಾಡಿ ಶಿವಪಾರ್ವತಿಯರನ್ನು, ನರಸಿಂಹನನ್ನು ಕೂರಿಸಿದರು. ಬೀದರದಲ್ಲಿ ಇದೇ ಕಲ್ಲಿನೊಳಗೆ ಸುರಂಗ ಕೊರೆದು ಊರಿಗೆ ನೀರು ತಂದರು. ಉಳಿದವರೆಲ್ಲ ಗೋಡೆ ಕಟ್ಟಲು ಅಗೆದರು. ಅಗೆದು ಬಿಟ್ಟ ಹೊಂಡಗಳು ಊರಾಚೆ ಹಾಗೆಯೇ ಇವೆ. ಕುದುರೆಮುಖದ ಎದುರು ಇವು ಗಣಿ ಅನ್ನಿಸಿಕೊಳ್ಳಲಿಕ್ಕೂ ನಾಚಬೇಕು. ಪಾಠ ಮಾತ್ರ ಅದೇ.

ಬಿಟ್ಟು ಹದಿನೈದಿಪ್ಪತ್ತು ವರ್ಷವಾದ ಒಂದು ಕೆಂಗಲ್ಲಿನ ಹೊಂಡಕ್ಕೆ ಇಳಿದು ನೋಡಿ. ಕಡಿದ ಗೋಡೆಯ ಮೇಲೆ ಕಲ್ಲುಹೂವು, ತಳದಲ್ಲಿ ಮಳೆನೀರು, ಬಿರುಕಿನಲ್ಲಿ ತಂಗಡಿ, ಬಂದರಿಕೆ, ಕಾರೆ. ಎಲ್ಲಕ್ಕಿಂತ ಹೆಚ್ಚಾಗಿ ಸೀತಾಫಲ. ಈ ಕೆಂಪು ನೆಲಕ್ಕೂ ಸೀತಾಫಲಕ್ಕೂ ಅದೇನೋ ನಂಟು. ಯಾರೂ ಮಂಜೂರು ಮಾಡದ, ಯಾರೂ ಉದ್ಘಾಟಿಸದ ಕಾಡು ಅದು. ಅದರ ಪಕ್ಕದ ಗಾಯರಾಣದಲ್ಲಿ, ಎಂದರೆ ಊರ ಗೋಮಾಳದಲ್ಲಿ, ಗುಂಡಿ ತೋಡಿ ಸಾಲಾಗಿ ಗ್ಲಿರಿಸಿಡಿಯಾ ನೆಟ್ಟಿರುತ್ತಾರೆ. 2016ರ ಜುಲೈ 1ರಂದು ಮಹಾರಾಷ್ಟ್ರ ಸರ್ಕಾರ ಒಂದೇ ದಿನ 2 ಕೋಟಿ ಗಿಡ ನೆಡುವ ಅಭಿಯಾನ ಹೂಡಿತು. ಮುಂದೆ ಗುರಿ 4 ಕೋಟಿ, 13 ಕೋಟಿ, 2019ಕ್ಕೆ 33 ಕೋಟಿ ಎಂದು ಏರುತ್ತ ಹೋಯಿತು. ಗುರಿ ದೊಡ್ಡದಾದಷ್ಟೂ ಬೇಗ ಬೇರುಬಿಡುವ, ದನ ತಿನ್ನದ, ಸಾಯದ ಗಿಡಕ್ಕೇ ಬೇಡಿಕೆ. ಜಾಗ ಎಲ್ಲಿಂದ ತರುವುದು? ಗಾಯರಾಣದಿಂದ.

ಗಾಯರಾಣ ಖಾಲಿ ಜಾಗವಲ್ಲ ಎಂದು ದನ ಕಾಯುವ ಮುದುಕನಿಗೆ ಗೊತ್ತು, ನಕ್ಷೆ ಬರೆಯುವವರಿಗೆ ಗೊತ್ತಿಲ್ಲ. ದೇವಣಿ ತಳಿಯ ದನ ಬೆಳೆದದ್ದು ಈ ಹುಲ್ಲಿನ ಮೇಲೆ. ಊಬು ಧೋತರಕ್ಕೆ ಚುಚ್ಚಿ ಮೊಣಕಾಲ ತನಕ ಹತ್ತುವ ಕುಸಳದ ಹುಲ್ಲು, ಅದರ ನಡುವೆ ಗೂಡಿಡುವ ಬುರ್ಲಿಗಳು, ಅದೃಷ್ಟವಿದ್ದರೆ ಕೃಷ್ಣಮೃಗ, ಅದರ ಬೆನ್ನಿಗೆ ತೋಳ. ಪಶ್ಚಿಮ ಘಟ್ಟದ ಹುಲ್ಲಿಗೆ ಅಕೇಶಿಯಾ ಮಾಡಿದ್ದನ್ನೇ ಇಲ್ಲಿ ಗ್ಲಿರಿಸಿಡಿಯಾ ಮಾಡುತ್ತದೆ. ಮಳೆ ಕಡಿಮೆ, ಆದ್ದರಿಂದ ನಿಧಾನವಾಗಿ.

ಹೋಗುವವರಿಗೆ ನಾಲ್ಕು ಮಾತು. ಕುದುರೆಮುಖದ ಯಾವ ಚಾರಣಕ್ಕೂ ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮುಂಗಡ ಟಿಕೆಟ್ ಬೇಕು. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತದ ಬುಡದಲ್ಲಿ ಜಾತ್ರೆಯಂತೆ ಜನ ಸೇರಿದ ಮೇಲೆ ರಾಜ್ಯ ಸರ್ಕಾರ ಚಾರಣಗಳನ್ನು ನಿಲ್ಲಿಸಿ, ಆನ್‌ಲೈನ್ ವ್ಯವಸ್ಥೆ ತಂದು, ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿತು. ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ ದಾರಿ ಮುಚ್ಚುತ್ತಾರೆ. ಮಳೆ ಹಿಂದೆ ಸರಿದ ಅಕ್ಟೋಬರ್, ನವೆಂಬರ್ ಒಳ್ಳೆಯದು. ಮಾರ್ಗದರ್ಶಿ ಜೊತೆಗಿರುತ್ತಾನೆ, ಸ್ಥಳೀಯ ಹುಡುಗ, ಅವನ ಮನೆಯವರಲ್ಲಿ ಯಾರೋ ಗಣಿಯಲ್ಲಿ ದುಡಿದಿರುವ ಸಂಭವವಿದೆ. ಶಿಖರ ಎಷ್ಟು ದೂರ ಎಂದು ಕೇಳುವುದನ್ನು ಬಿಟ್ಟು ಈ ಮರ ಯಾವಾಗ ನೆಟ್ಟದ್ದು ಎಂದು ಕೇಳಿ. ಮಾತು ಶುರುವಾಗುತ್ತದೆ.

ಇನ್ನೊಂದು ಸಂಗತಿ ಉಳಿಯಿತು. ಕುದುರೆಮುಖದಲ್ಲಿ ಬಾಗಿಲು ಮುಚ್ಚಿದ ಕಂಪನಿ ಸುಮ್ಮನೆ ಕೂತಿಲ್ಲ. ಮಂಗಳೂರಿನ ಪೆಲೆಟ್ ಕಾರ್ಖಾನೆಗೆ ಅದಿರು ಬೇಕು. ಅದಕ್ಕೆಂದು ಸಂಡೂರಿನ ಸ್ವಾಮಿಮಲೆ ಅರಣ್ಯದ ದೇವದಾರಿ ಗುಡ್ಡ ಗೊತ್ತಾಗಿದೆ. 400 ಹೆಕ್ಟೇರಿಗೂ ಹೆಚ್ಚು ಅರಣ್ಯ, ಕಡಿಯಬೇಕಾದ ಮರ 99 ಸಾವಿರದಷ್ಟು. ಬಳ್ಳಾರಿಯ ಕಬ್ಬಿಣದ ಹುಚ್ಚು ಇಳಿದ ಮೇಲೂ ಅಲ್ಲಿ ದಟ್ಟವಾಗಿ ಉಳಿದಿರುವ ಕಾಡದು. 2024ರ ಜೂನಿನಲ್ಲಿ ಕೇಂದ್ರದ ಉಕ್ಕು ಸಚಿವರಾಗಿ ಅಧಿಕಾರ ವಹಿಸಿಕೊಂಡ ಎಚ್.ಡಿ. ಕುಮಾರಸ್ವಾಮಿ ಮೊದಲ ದಿನಗಳಲ್ಲೇ ಈ ಯೋಜನೆಯ ಕಡತಕ್ಕೆ ಸಹಿ ಹಾಕಿದರು. ಸಂಡೂರಿನಲ್ಲಿ ಗದ್ದಲವೆದ್ದಿತು. ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ, ಉದಗೀರದಿಂದ ಗಡಿ ದಾಟಿದರೆ ಸಿಗುವ ಭಾಲ್ಕಿಯವರೇ, ಅರಣ್ಯ ಭೂಮಿ ಹಸ್ತಾಂತರಿಸಬೇಡಿ ಎಂದು ಅಧಿಕಾರಿಗಳಿಗೆ ಸೂಚಿಸಿದರು. ಕುದುರೆಮುಖದಲ್ಲಿ ಅರಣ್ಯಕ್ಕೆ ಆದ ಹಾನಿಯ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ ಎಂಬುದು ಅವರು ಕೊಟ್ಟ ಕಾರಣ.

ಗಣಿಗೆ ಅರಣ್ಯ ಬಿಟ್ಟುಕೊಟ್ಟಾಗ ಬೇರೆ ಕಡೆ ಬದಲಿ ಅರಣ್ಯ ಬೆಳೆಸಬೇಕೆಂಬುದು ಕಾನೂನು. ದೇವದಾರಿಯ ಕಡತ ಮುಂದೆ ಸರಿದ ದಿನ ಆ ಬದಲಿ ಅರಣ್ಯದ ಪಟ್ಟಿಯನ್ನು ಕೇಳಿ ನೋಡಬೇಕು. ಯಾವ ಗಿಡ, ಯಾವ ಸರ್ವೆ ನಂಬರು. ಪಟ್ಟಿಯಲ್ಲಿ ಎಲ್ಲೋ ಒಂದು ಊರಿನ ಹುಲ್ಲುಗಾವಲು ಸಿಕ್ಕರೆ ನನಗಂತೂ ಆಶ್ಚರ್ಯವಾಗುವುದಿಲ್ಲ.